ಕುದೂರಿನಲ್ಲಿ ಬಿಸಿನೀರಿನ ಬುಗ್ಗೆ ಏಕಿಲ್ಲ?

ಮಾಗಡಿ ಸೀಮೆಯ ಕುದೂರಿನ ಸುತ್ತಮುತ್ತ ನೆಲದಿಂದ ನೀರು ಮೇಲಕ್ಕೆ ಚಿಮ್ಮಬೇಕಾದರೆ ಬೋರ್‌ವೆಲ್ ಲಾರಿ ಬರಬೇಕು. ಗಂಟೆಗಟ್ಟಲೆ ಬರೀ ಕಲ್ಲಿನ ಪುಡಿ ಹಾರುತ್ತಿದ್ದು, ಕೊನೆಗೆ ಕೆಸರು, ಅದರ ಹಿಂದೆಯೇ ನೀರು ನುಗ್ಗಿತೆಂದರೆ ತೋಟದವರ ಜೀವ ಬಂದಂತಾಗುತ್ತದೆ. ಆದರೆ ಆ ನೀರನ್ನು ಎತ್ತಿ ಎಸೆಯುವುದು ಕಂಪ್ರೆಸರ್‌ನ ಗಾಳಿ. ಅದು ನಿಂತರೆ ಚಿಮ್ಮುವುದೂ ನಿಂತಿತು.

ಭೂಮಿಯೇ ಕಾಯಿಸಿ ಎಸೆಯುವ ಬುಗ್ಗೆ ಇಲ್ಲಿಲ್ಲ. ಮಾಗಡಿ ಸೀಮೆಯ ಬೆಟ್ಟಗಳೇ ಇದಕ್ಕೆ ಕಾರಣ ಹೇಳುತ್ತವೆ. ಸಾವನದುರ್ಗದ ಬಂಡೆಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂಬುದು ರಾಮನಗರದ ಹಳೆಯ ಹೆಸರು. ನೆಲದಾಳದ ಕರಗಿದ ಕಲ್ಲು, ಅಂದರೆ ಶಿಲಾಪಾಕ, ಗಟ್ಟಿಯಾಗಿ ಈ ಬಂಡೆಯಾಗಿ ಸುಮಾರು 250 ಕೋಟಿ ವರ್ಷ. ಅಂದಿನ ಕಾವು ಎಂದೋ ಆರಿದೆ. ಆಳಕ್ಕೆ ಹೋದಂತೆ ಬಿಸಿ ಏರುತ್ತದೆ, ನಿಜ; ಆದರೆ ನಮ್ಮ ಈ ಹಳೆಯ ನೆಲದಲ್ಲಿ ಏರುವುದು ಬಲು ನಿಧಾನ. ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ಇಳಿದರೂ ಬಂಡೆ ನೀರು ಕುದಿಸುವಷ್ಟು ಬಿಸಿಯಿರಲಿಲ್ಲ.

ಅಮೆರಿಕದ ಯೆಲ್ಲೋಸ್ಟೋನ್‌ನಲ್ಲಿ ಕೆಲವೇ ಕಿಲೋಮೀಟರ್ ಕೆಳಗೆ ಶಿಲಾಪಾಕವಿದೆ. ಅಲ್ಲಿ ಇಂಗಿದ ಮಳೆ, ಹಿಮದ ನೀರು ಇಕ್ಕಟ್ಟಾದ ಬಿರುಕುಗಳಲ್ಲಿ ನಿಂತು ಕಾಯುತ್ತದೆ. ಮೇಲಿನ ನೀರಿನ ಭಾರದಿಂದಾಗಿ ಅಡಿಯ ನೀರು 100 ಡಿಗ್ರಿ ದಾಟಿದರೂ ಕುದಿಯದು. 10 ಮೀಟರ್ ಆಳದಲ್ಲಿ ಸುಮಾರು 115 ಡಿಗ್ರಿ ಬೇಕು. ಮೇಲಿನಿಂದ ಒಂದಿಷ್ಟು ನೀರು ಉಕ್ಕಿ ಹೊರಬಿತ್ತೋ, ಭಾರ ಇಳಿಯಿತು. ಆವಿ ಇಳಿಯುವ ಮೊದಲೇ ಕುಕ್ಕರ್ ಮುಚ್ಚಳ ತೆಗೆದರೆ ಬೇಳೆ ಸೂರಿಗೆ ಹಾರುವಂತೆ, ಅಡಿಯ ನೀರೆಲ್ಲ ಒಮ್ಮೆಲೇ ಆವಿಯಾಗಿ ನುಗ್ಗುತ್ತದೆ. ಅಲ್ಲಿನ ಓಲ್ಡ್ ಫೇತ್‌ಫುಲ್ ಎಂಬ ಬುಗ್ಗೆ ಹೀಗೆ ಸುಮಾರು ಒಂದೂವರೆ ಗಂಟೆಗೊಮ್ಮೆ 30ರಿಂದ 55 ಮೀಟರ್ ಎತ್ತರಕ್ಕೆ ಚಿಮ್ಮುತ್ತದೆ. ಬಿಸಿ, ನೀರು, ಇಕ್ಕಟ್ಟಿನ ದಾರಿ ಮೂರೂ ಕೂಡಿಬರುವ ಜಾಗ ಭೂಮಿಯಲ್ಲಿ ಅಪರೂಪ.

ಕರ್ನಾಟಕದ ಪಾಲಿಗೆ ಬಂದದ್ದು ಪುತ್ತೂರು ತಾಲ್ಲೂಕಿನ ಇರ್ದೆಯ ಬೆಂದ್ರುತೀರ್ಥ. ಹೊಳೆಯ ದಂಡೆಯ ಪುಟ್ಟ ಕೊಳ, ಮೈಬಿಸಿಯಷ್ಟೇ ಬೆಚ್ಚಗಿನ ನೀರು. ಚಿಮ್ಮುವುದಿಲ್ಲ. ಕುದಿಯುವುದನ್ನೇ ನೋಡಬೇಕೆಂದರೆ ಹಿಮಾಲಯಕ್ಕೆ ಹೋಗಬಹುದು; ಭೂಫಲಕಗಳು ಡಿಕ್ಕಿಯಾದ ಆ ನೆಲ ಇನ್ನೂ ಆರಿಲ್ಲ. ಹಿಮಾಚಲದ ಮಣಿಕರಣ್‌ನಲ್ಲಿ ಬುಗ್ಗೆಯ ನೀರಿಗೆ ಪಾತ್ರೆ ಇಳಿಸಿ ಅನ್ನ ಬೇಯಿಸುತ್ತಾರೆ. ಲಡಾಖ್‌ನ ಪೂಗಾ ಕಣಿವೆ 4,400 ಮೀಟರ್ ಎತ್ತರದಲ್ಲಿದೆ. ನೀರು ಅಲ್ಲಿ ಸುಮಾರು 85 ಡಿಗ್ರಿಗೇ ಕುದಿಯುತ್ತದೆ. ಅಲ್ಲಿನ ಭೂಶಾಖದಿಂದ ವಿದ್ಯುತ್ ತೆಗೆಯಲು 2021ರಲ್ಲಿ ಒಎನ್‌ಜಿಸಿ ಒಪ್ಪಂದ ಮಾಡಿಕೊಂಡಿದೆ.

ಇಂಥ ಜಾಗಕ್ಕೆ ಹೋದಾಗ ಕಟ್ಟಿದ ದಾರಿ ಬಿಟ್ಟು ಸೆಲ್ಫಿಗಾಗಿ ಇಳಿಯಬೇಡಿ. ಗಟ್ಟಿ ನೆಲವೆಂದು ಕಾಣುವುದು ಕುದಿನೀರಿನ ಮೇಲಿನ ತೆಳು ಹೊರಪದರವೂ ಆಗಿರಬಹುದು. ಯೆಲ್ಲೋಸ್ಟೋನ್‌ನಲ್ಲಿ ಹಾಗೆ ಬಿದ್ದು ಸತ್ತವರಿದ್ದಾರೆ.