ಪಿಡಿಎಫ್‌ನಲ್ಲಿ ಕೀರ್ತಿಯ ಹೆಸರು

ನಮ್ಮ ಕನ್ನಡ ಶಾಲೆಯ ಮಕ್ಕಳ ಪ್ರಮಾಣಪತ್ರಗಳನ್ನು ಪೈಥಾನ್ ಪ್ರೋಗ್ರಾಂನಿಂದ ತಯಾರಿಸುವ ಕೆಲಸ ಈ ಸಲ ನನ್ನ ಪಾಲಿಗೆ ಬಂತು. ಮೊದಲಿದ್ದ ಪ್ರೋಗ್ರಾಂ ಇಂಗ್ಲಿಷಿಗೆಂದೇ ಬರೆದದ್ದು. ಕನ್ನಡ ಹೆಸರು ಕೊಟ್ಟರೆ ಬರೀ ಚೌಕಗಳು! ಪಿಡಿಎಫ್‌ನ 14 ಮೂಲ ಫಾಂಟ್‌ಗಳಲ್ಲಿ ಕನ್ನಡವಿಲ್ಲ. ಫಾಂಟನ್ನು ಕಡತದೊಳಗೇ ಸೇರಿಸಬೇಕು. ಉಚಿತವಾಗಿ ಸಿಗುವ ನೋಟೋ ಸ್ಯಾನ್ಸ್ ಕನ್ನಡ ಸೇರಿಸಿದೆ. ಚೌಕಗಳೇನೋ ಹೋದವು, ಆದರೆ 'ಕೀರ್ತಿ' ಹೋಗಿ 'ಕೀರ್‌ತಿ' ಎಂಬಂತಾಯಿತು. ಊರಿನಲ್ಲಿರುವ ಅಜ್ಜಿಗೆ ತೋರಿಸುವ ಪತ್ರದಲ್ಲಿ ಮೊಮ್ಮಗಳ ಹೆಸರೇ ಒಡೆದಿದ್ದರೆ ಹೇಗೆ ಹೇಳಿ?

ಯುನಿಕೋಡ್‌ನಲ್ಲಿ ಅರ್ಕಾವತ್ತಿಗೆ ಸ್ವಂತ ಸಂಕೇತವಿಲ್ಲ. ರ, ಹಲಂತ, ತ, ಗುಡಿಸು ಸಾಲಾಗಿ ಕೂತಿರುತ್ತವೆ, ಅಷ್ಟೆ. ಅವನ್ನು 'ರ್ತಿ' ಎಂದು ಕೂಡಿಸುವುದು ಹಾರ್ಫ್‌ಬಜ್‌ನಂಥ ತಂತ್ರಾಂಶ. ಎಫ್‌ಪಿಡಿಎಫ್2 ಎಂಬ ಉಚಿತ ಲೈಬ್ರರಿಯಲ್ಲಿ, ಯುಹಾರ್ಫ್‌ಬಜ್ ಹಾಕಿಕೊಂಡು 'ಟೆಕ್ಸ್ಟ್ ಶೇಪಿಂಗ್' ಚಾಲೂ ಮಾಡಿದರೆ ಕೆಲಸವಾಯಿತು, ಒಂದೇ ಸಾಲು.

ನುಡಿ, ಬರಹದ ಹಳೆಯ ಕಡತಗಳಿಂದ ಹೆಸರು ತೆಗೆಯುವವರು ಮೊದಲು ಯುನಿಕೋಡ್‌ಗೆ ಪರಿವರ್ತಿಸಿಕೊಳ್ಳಿ. ಅವುಗಳಲ್ಲಿ ಕನ್ನಡ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುವುದುಂಟು.

ಎಲ್ಲವನ್ನೂ ಮುದ್ರಿಸುವ ಮುನ್ನ ನಾನೀಗ ಕೀರ್ತಿ, ಲಕ್ಷ್ಮಿ, ಜ್ಯೋತ್ಸ್ನಾ ಮೂರು ಹೆಸರುಗಳನ್ನು ತೆಗೆದು ನೋಡುತ್ತೇನೆ. ಜ್ಯೋತ್ಸ್ನಾ ಬಹಳ ಕಟ್ಟುನಿಟ್ಟಿನ ಪರೀಕ್ಷಕಿ!