ಪೆಟ್ಲುಪ್ಪು ಕುದಿಸಿದವರು

ತೋಟಾಗಳನ್ನು ಸ್ವಹಸ್ತದಿಂದ ತುಂಬಿಕೊಳ್ಳುವ ಗುರಿಕಾರರು ಪ್ರತಿಯೊಂದು ಪಾಲು ಮದ್ದನ್ನೂ ಸೂಕ್ಷ್ಮವಾದ ತಕ್ಕಡಿಯಲ್ಲಿ ತೂಗಿ, ಹಾರಿದ ಗುಂಡುಗಳ ವೇಗದಲ್ಲಿ ಒಂದಕ್ಕೂ ಇನ್ನೊಂದಕ್ಕೂ ಎಷ್ಟು ಅಂತರವುಳಿಯಿತೆಂದು ಯಂತ್ರವಿಟ್ಟು ನೋಡುತ್ತಾರೆ. ಈ ಏಕರೂಪತೆಯ ಚರಿತ್ರೆಯನ್ನು ಯೂರೋಪಿನ ಪ್ರಯೋಗಗಳಿಂದ ಆರಂಭಿಸುವುದು ರೂಢಿ. ಅದಕ್ಕೂ ಮುಂಚೆ ನಮ್ಮ ಮಣ್ಣನ್ನು ತುಳಿದು ಕುದಿಸಿದವರ ಶ್ರಮವನ್ನು ಮರೆತುಬಿಡುವುದು ಅನ್ಯಾಯವೆಂದೇ ನನ್ನ ಭಾವನೆ.

1638ರಲ್ಲಿ ಸೂರತ್ತಿನಲ್ಲಿ ಹಡಗಿನಿಂದಿಳಿದು ಅಹಮದಾಬಾದಿಗೆ ಹೋದ ಮಾಂಡೆಲ್ಸ್‌ಲೋ ಎಂಬ ಜರ್ಮನ್ ತರುಣನು ಮದ್ದಿನ ಮುಖ್ಯ ದ್ರವ್ಯವಾದ ಪೆಟ್ಲುಪ್ಪಿನ ತಯಾರಿಕೆಯನ್ನು ಸವಿಸ್ತಾರವಾಗಿ ವರ್ಣಿಸಿದ್ದಾನೆ. ಗುಜರಾತಿನಲ್ಲಿ ಮಾರಾಟವಾಗುತ್ತಿದ್ದುದರ ಬಹುಭಾಗವು ಅಜ್ಮೀರದ ಕಡೆಯದು. ಬಹುಕಾಲ ಉಳದೆ ಬಿಟ್ಟ ನೆಲದ ಕಪ್ಪು ಮಣ್ಣನ್ನು ಗುಂಡಿಗಳಲ್ಲಿ ತುಂಬಿ, ನೀರು ಹಾಯಿಸಿ, ಗಂಜಿಯಂತಾಗುವವರೆಗೆ ಕಾಲಿನಿಂದ ತುಳಿದು, ತಿಳಿಯನ್ನು ಬೇರೊಂದು ಗುಂಡಿಗೆ ಬಿಟ್ಟು, ಅನಂತರ ನೊರೆ ತೆಗೆಯುತ್ತ ತೆಗೆಯುತ್ತ ಕುದಿಸಿ, ಮಡಕೆಗಳಲ್ಲಿ ಗಸಿಯನ್ನು ತಳಕ್ಕಿಳಿಸಿ, ಕೊನೆಗೆ ಬಿಸಿಲಿನಲ್ಲಿ ಒಣಗಿಸಿ ಗಟ್ಟಿಮಾಡುತ್ತಿದ್ದರು.

ಮರ್ಮವಿದ್ದುದು ಈ ಕುದಿಸುವಿಕೆಯಲ್ಲಿಯೇ. ಮಣ್ಣಿನಿಂದ ಪೆಟ್ಲುಪ್ಪಿನೊಡನೆ ಅಡುಗೆಯುಪ್ಪೂ ಸುಣ್ಣದ ಲವಣಗಳೂ ಇಳಿದುಬರುತ್ತವೆ. ಶುದ್ಧವಾದ ಪೆಟ್ಲುಪ್ಪು ಗಾಳಿಯ ತೇವವನ್ನು ಅಷ್ಟಾಗಿ ಹೀರದು, ಈ ಕಲ್ಮಷಗಳಾದರೋ ಹೀರದೆ ಬಿಡವು. ತೇವವುಂಡ ಮದ್ದು ಇಂದು ಉರಿದಂತೆ ನಾಳೆ ಉರಿಯದಾದುದರಿಂದ, ತೂಕದಲ್ಲಿ ಗುಲಗಂಜಿಯಷ್ಟೂ ವ್ಯತ್ಯಾಸವಿಲ್ಲದಿದ್ದಾಗಲೂ ಗುಂಡು ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಹೋಗುತ್ತದೆ. ಕುದಿನೀರಿನಲ್ಲಿ ಯಥೇಚ್ಛವಾಗಿ ಕರಗುವ ಪೆಟ್ಲುಪ್ಪು ಆರಿದೊಡನೆ ಹರಳುಗಟ್ಟುತ್ತದೆ. ಅಡುಗೆಯುಪ್ಪು ಬಹುಮಟ್ಟಿಗೆ ನೀರಿನಲ್ಲಿಯೇ ಉಳಿಯುತ್ತದೆ. ರಸಾಯನಶಾಸ್ತ್ರವು ಇದಕ್ಕೆ ಕಾರಣ ಹೇಳುವುದಕ್ಕೆ ಎಷ್ಟೋ ಮೊದಲು ಈ ಜನ ಕೈವಾಡಿಕೆಯಿಂದಲೇ ಅದನ್ನು ಸಾಧಿಸಿದ್ದರೆಂಬುದು ಸಾಮಾನ್ಯ ಸಂಗತಿಯಲ್ಲ.

1613ರಲ್ಲಿ ಸೂರತ್ತಿನಲ್ಲಿ ಕೋಠಿ ತೆರೆದ ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯು 1626ರಲ್ಲಿ ಸರ್ರೆ ಸೀಮೆಯ ಚಿಲ್ವರ್ತ್‌ನಲ್ಲಿ ಮದ್ದಿನ ಗಿರಣಿಗಳನ್ನು ಸ್ಥಾಪಿಸಿತು. ಅಹಮದಾಬಾದಿನಿಂದ ವಡೋದರಾ, ಭರೂಚ್‌ಗಳನ್ನು ಹಾಯ್ದು ಸೂರತ್ತಿಗೆ ಬರುವ ಹೆದ್ದಾರಿಯೇ ಆಗ ಗುಜರಾತಿನ ವ್ಯಾಪಾರದ ಜೀವನಾಡಿಯಾಗಿತ್ತು. ಹಡಗುಗಳ ತಳಭಾರಕ್ಕೂ ಒದಗುತ್ತಿದ್ದ ಪೆಟ್ಲುಪ್ಪಿನ ವಹಿವಾಟನ್ನು ಮುಂದೆ ಪಟ್ನಾ ತನ್ನತ್ತ ಸೆಳೆದುಕೊಂಡಿತು.

ಮದ್ದಿನ ಬಲವನ್ನು ಅಂಕಿಗಳಲ್ಲಿ ಹೇಳುವ ಕಾಲ ಬಂದುದು ಇಂಗ್ಲಿಷ್ ಗಣಿತಜ್ಞ ಬೆಂಜಮಿನ್ ರಾಬಿನ್ಸ್‌ನಿಂದ. 1742ರ ತನ್ನ ಗ್ರಂಥದಲ್ಲಿ ಅವನು ತೂಗುಬಿಟ್ಟ ಮರದ ಲೋಲಕಕ್ಕೆ ಗುಂಡು ಹೊಡೆದು, ಅದು ಹಿಂದಕ್ಕೆ ತೂಗಿದ ದೂರವನ್ನು ಪಟ್ಟಿಯಿಂದ ಅಳೆದು, ಅದರಿಂದ ಗುಂಡಿನ ವೇಗವನ್ನು ಗಣಿಸುವ ವಿಧಾನವನ್ನು ತಿಳಿಸಿದನು. ವಾಯುವಿನ ತೇವವು ಮದ್ದಿನ ಬಲವನ್ನು ಬಹಳವಾಗಿ ಕುಗ್ಗಿಸುವುದೆಂದೂ ಸ್ಪಷ್ಟಪಡಿಸಿದನು. ಪೆಟ್ಲುಪ್ಪಿನವರು ಮಡಕೆಯ ಮುಂದೆ ಕುಳಿತು ಹೋರಾಡಿದ್ದ ಶತ್ರುವೇ ಅದು. ಅದೇ ರಾಬಿನ್ಸ್‌ನು ಕಂಪನಿಯ ಕೋಟೆಗಳನ್ನು ಭದ್ರಪಡಿಸುವುದಕ್ಕೆಂದು ಭಾರತಕ್ಕೆ ಬಂದು, 1751ರಲ್ಲಿ ಕಡಲೂರಿನ ಬಳಿಯ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು. ಅವನ ಹೆಸರು ಗ್ರಂಥಗಳಲ್ಲಿ ಉಳಿದಿದೆ. ಸೂರತ್ತಿನಲ್ಲಿ ಕಂಪನಿಯವರಾದ ಆಕ್ಸಿಂಡೆನ್ ಸೋದರರ ಗೋರಿಯೂ ಗುಮ್ಮಟವೂ ಉಳಿದಿವೆ. ಅಷ್ಟೊಂದು ಅಕ್ಕರೆಯಿಂದ ಕೆಲಸವನ್ನು ವರ್ಣಿಸಿದ ಮಾಂಡೆಲ್ಸ್‌ಲೋ ಮಾತ್ರ ಅದನ್ನು ಮಾಡಿದವರಲ್ಲಿ ಒಬ್ಬನ ಹೆಸರನ್ನಾದರೂ ಕೇಳಿ ಬರೆದಿಡಲಿಲ್ಲವೆಂಬ ಕೊರಗು ನನ್ನನ್ನು ಬಿಡುವುದಿಲ್ಲ.