ಮಕ್ಕಳ ಮೇಲಿನ ದೌರ್ಜನ್ಯ: ಅಪಾಯದ ಸನ್ನಿವೇಶಗಳನ್ನು ಅರಿಯುವ ಬಗೆ

ಮಕ್ಕಳ ಮೇಲಿನ ದೌರ್ಜನ್ಯಕ್ಕೆ ಕಾರಣವೇನೆಂದು ವಿಚಾರಿಸುವಾಗ ನಾವು ಬೇಗನೆ ಬಡತನದ ಹೆಸರು ಹೇಳುತ್ತೇವೆ. ಅದರಲ್ಲಿ ಸತ್ಯಾಂಶವಿದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ತಂದೆತಾಯಿಗಳಿಬ್ಬರೂ ದುಡಿಯುವಾಗ ಮನೆಯಲ್ಲಿ ಉಳಿದ ಮಗುವನ್ನು ನೋಡಿಕೊಳ್ಳುವವರು ಯಾರೆಂಬುದು ದಿನದಿನದ ಪ್ರಶ್ನೆ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎರಡು ದಶಕಗಳು ಮೀರಿವೆ. ಹಾಗೆ ದುಡಿಮೆ ತಪ್ಪಿದ ಮನೆಗೆ ಸಾಲ, ಕುಡಿತ, ಜಗಳಗಳು ಹೊಕ್ಕಾಗ ಪೆಟ್ಟು ಬೀಳುವುದು ಎದುರಾಡಲಾರದವರ ಮೇಲೆ. ಆದರೂ ಇವು ಅಪಾಯವನ್ನು ಹೆಚ್ಚಿಸುವ ಸನ್ನಿವೇಶಗಳೇ ಹೊರತು ದೌರ್ಜನ್ಯದ ಕಾರಣಗಳಲ್ಲ. ಬಡವರಲ್ಲಿ ಬಹುಪಾಲು ಜನರು ಮಕ್ಕಳನ್ನು ಕಣ್ಣರೆಪ್ಪೆಯಂತೆ ಕಾಯುತ್ತಾರೆ. ಉಳ್ಳವರ ಮನೆಯ ಸುದ್ದಿ ಹೊರಬರದಿರುವುದಕ್ಕೆ ಗೋಡೆಯ ಎತ್ತರವೂ ಒಂದು ಕಾರಣ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಲಾಗಿತ್ತು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಹಾಗೆ ಹೇಳಿದವರಲ್ಲಿ ಗಂಡುಮಕ್ಕಳೇ ಸ್ವಲ್ಪ ಹೆಚ್ಚು. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಮಗು ನಂಬಿದವರು. ಬಹುತೇಕ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಹೀಗಿರುವಾಗ ನಾವು 2 ಸಮುವೇಲ 13ನೇ ಅಧ್ಯಾಯವನ್ನು ಮತ್ತೊಮ್ಮೆ ಓದಬೇಕು. ನಮ್ಮ ಪ್ರಸಂಗಗಳಲ್ಲಿ ಬತ್ಷೆಬೆಯ ಕಥೆಗೆ ದೊರೆಯುವ ಸ್ಥಳ ತಾಮಾರಳ ಕಥೆಗೆ ದೊರೆಯುವುದು ಅಪರೂಪ. ಆಕೆಯ ವಯಸ್ಸನ್ನು ಗ್ರಂಥ ಹೇಳುವುದಿಲ್ಲ; ಅಪಾಯ ಕೂಡಿಬಂದ ಬಗೆಯನ್ನು ಮಾತ್ರ ಬಿಡಿಬಿಡಿಯಾಗಿ ಹೇಳುತ್ತದೆ. ಅಲ್ಲಿ ಬಡತನವಿಲ್ಲ, ಅದು ಅರಮನೆ. ಅಮ್ನೋನನು ಅಣ್ಣ, ಉಪಾಯ ಹೇಳಿಕೊಟ್ಟ ಯೋನಾದಾಬನು ಬಂಧು. ರೋಗಿಯ ಆರೈಕೆ ಎಂಬ ನಿರ್ದೋಷವಾದ ನೆಪದ ಮೇಲೆ ತಂದೆಯೇ ಅವಳನ್ನು ಕಳುಹಿಸುತ್ತಾನೆ. ಕೋಣೆಯಿಂದ ಎಲ್ಲರನ್ನೂ ಹೊರಗೆ ಕಳುಹಿಸಲಾಗುತ್ತದೆ. ಆಮೇಲೆ ಅಬ್ಷಾಲೋಮನು ತಂಗಿಗೆ ಸುಮ್ಮನಿರಲು ಹೇಳುತ್ತಾನೆ. ದಾವೀದನು ಕೋಪಗೊಳ್ಳುತ್ತಾನೆ, ಆದರೆ ಏನನ್ನೂ ಮಾಡುವುದಿಲ್ಲ. ಅವನು ಚೊಚ್ಚಲ ಮಗನೆಂಬ ಪ್ರೀತಿಯಿಂದ ಅಮ್ನೋನನನ್ನು ನೋಯಿಸಲಿಲ್ಲವೆಂದು ಗ್ರೀಕ್ ಸೆಪ್ಟುಅಜಿಂಟ್ ಪಾಠ ಸೇರಿಸುತ್ತದೆ.

ಆ ಕೋಣೆಯ ಬಾಗಿಲು ನಮ್ಮಲ್ಲಿಯೂ ಇದೆ. ವಸತಿನಿಲಯ, ಭಾನುವಾರ ಶಾಲೆ, ಗಾಯನವೃಂದ, ಒಬ್ಬರೇ ಹೇಳಿಕೊಡುವ ಟ್ಯೂಷನ್ ಇವುಗಳಲ್ಲೆಲ್ಲ ಹಿರಿಯರು ಮಗುವಿನೊಡನೆ ಒಂಟಿಯಾಗಿ ಉಳಿಯುವ ಅವಕಾಶವಿದೆ. ದುರುಳನು ಆರಿಸಿಕೊಳ್ಳುವುದು ಮನೆಯಿಂದ ದೂರವಿರುವ, ಅಂಗವೈಕಲ್ಯವುಳ್ಳ, ಪ್ರೀತಿಗೆ ಹಸಿದ ಮಗುವನ್ನು. ಅದರ ಮಾತನ್ನು ಯಾರೂ ನಂಬರೆಂಬ ಲೆಕ್ಕ ಅವನದು. ಈ ಲಕ್ಷಣಗಳು ಮಗುವಿನ ದೋಷಗಳಲ್ಲ. ಉಡುಗೊರೆ, ವಿಶೇಷ ಸಲಿಗೆ, ಮನೆಯವರಿಗೆ ಹೇಳಬೇಡವೆಂಬ ಗುಟ್ಟು ಇವು ಮೊದಲು ಕಾಣಿಸಿಕೊಳ್ಳುತ್ತವೆ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯ ಮಾತೆಯ ಉತ್ಸವಕ್ಕೆ ಮಕ್ಕಳನ್ನು ಕರೆದೊಯ್ಯುವ ಸಭೆಗಳು ರಾತ್ರಿ ಅವರು ಎಲ್ಲಿ ಮಲಗುತ್ತಾರೆ, ಯಾರ ಕಾವಲಿನಲ್ಲಿ ಎಂಬುದನ್ನು ಹೊರಡುವ ಮುನ್ನವೇ ಬರೆದಿಡಬೇಕು.

ನಮ್ಮನ್ನು ಹೆಚ್ಚು ಕಾಡುವುದು ರಾಜಿಯ ಅಭ್ಯಾಸ. ಸಭೆಯ ಮಾನ, ಹುಡುಗಿಯ ಮದುವೆ, ಕ್ಷಮೆಯ ಉಪದೇಶ ಇವು ಮೂರೂ ಸೇರಿ ಅಬ್ಷಾಲೋಮನ ಮಾತನ್ನೇ ಆಡುತ್ತವೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಮಿನಂತೆ ಅಪರಾಧ ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ಧರ್ಮಗುರುಗಳಿಗೆಂದು ಅಲ್ಲಿ ವಿನಾಯಿತಿ ಬರೆದಿಲ್ಲ. ತನ್ನ ಕೈಕೆಳಗಿನವನ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ ಸೆರೆವಾಸವಾಗಬಹುದು. ಮಗು ತಾನಾಗಿ ನಮ್ಮ ಬಳಿ ಬಂದು ಬಾಯಿಬಿಟ್ಟರೆ ವಿಚಾರಣೆ ನಡೆಸುವುದು ನಮ್ಮ ಕೆಲಸವಲ್ಲ. ಕೇಳಿಸಿಕೊಳ್ಳಬೇಕು, ನಂಬಿದ್ದೇವೆಂದು ಹೇಳಬೇಕು, ಗುಟ್ಟಾಗಿಡುವ ಮಾತು ಕೊಡಬಾರದು, ಅಂದೇ 1098ಕ್ಕೆ ಕರೆ ಮಾಡಬೇಕು.